ಆಯಸ್ಕಾಂತದ ಕಾಲಿಗೆ ಮೆತ್ತಿದ ಧೂಳು

ನಾನು ಹುಟ್ಟಾ ಅಂಜುಬುರುಕ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹೊಸಪೇಟೆ ಬಸ್‌ಸ್ಟ್ಯಾಂಡಿನಿಂದ ಚಿತ್ತವಾಡ್ಗಿಯ ಮನೆಗೆ ವಾಪಸು ಬಂದು, ನೋಡಿ, ಮತ್ತೆ ಹೊರಟು, ಈಗ ಬೀಗ ಹಾಕಿದೆನೋ ಇಲ್ಲವೋ ಎಂದು ಎರಡನೆಯ ಸಲ ಬಂದವನು. ಇಂಥವನಿಗೆ ಸಿಕ್ಕ ನೌಕರಿಯಾದರೂ ಎಂಥದ್ದು! ಸಂಡೂರಿನ ಹತ್ತಿರ ಅದಿರು ಜರಡಿ ಹಿಡಿಯುವ ಘಟಕದಲ್ಲಿ ಯಂತ್ರಗಳ ನಡುಕ ಅಳೆಯುವುದು. ಒಳಗೆ ತಿರುಗುವ ಶಾಫ್ಟಿನ ಮೇಲೆ ಎಷ್ಟು ಬಲ ಬೀಳುತ್ತಿದೆಯೆಂದು ಕೈಹಾಕಿ ನೋಡುವಂತಿಲ್ಲ. ಹೊರಗಿನ ನಡುಕ ಅಳೆದು ಒಳಗಿನ ಏಟನ್ನು ಲೆಕ್ಕದಿಂದ ಊಹಿಸಬೇಕು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಕೇಳಿ, ಪಡಸಾಲೆಯಲ್ಲಿ ಕೂತು ಹೆಂಡತಿಯ ಸಿಟ್ಟನ್ನು ಅಂದಾಜು ಮಾಡುತ್ತೇವಲ್ಲ, ಅದೇ ವಿದ್ಯೆ. ಗಂಡಸರೆಲ್ಲ ಬಲ್ಲರು, ನನಗೆ ಮಾತ್ರ ಅದಕ್ಕೆ ಸಂಬಳ.

ನನ್ನ ಹೆಂಡತಿ ಗಿರಿಜಾಳದ್ದು ಒಂದೇ ಕಾನೂನು. ಸಂಜೆ ಹೊಸ್ತಿಲಲ್ಲಿ ನಿಂತು, "ಕಾಲು ಒರಿಸ್ಕೊಂಡು ಒಳಗ ಬರ್ರಿ, ಅರ್ಧ ಸಂಡೂರು ಹೊತ್ಕೊಂಡು ಬಂದೀರಿ" ಎನ್ನುತ್ತಾಳೆ. ನಾನು ಗೊಣಗಿಕೊಂಡೇ ದಾಟಿಬಿಡುತ್ತೇನೆ. ಇಂಜಿನಿಯರನಿಗೆ ಧೂಳಿನ ಪಾಠವೇ?

ಅದಿರಿಗೆ ಚೀನಾದಲ್ಲಿ ಬಂಗಾರದ ಮರ್ಯಾದೆ ಸಿಗುತ್ತಿದ್ದ ದಿನಗಳು. ಜರಡಿಯನ್ನು ಒಂದು ಗಂಟೆ ನಿಲ್ಲಿಸುವುದೆಂದರೆ ಮದುವೆಮನೆಯಲ್ಲಿ ಒಲೆ ಆರಿಸಿದಂತೆ. ಒಂದು ಬೆಳಿಗ್ಗೆ, ಆಯಸ್ಕಾಂತದ ಕಾಲಿರುವ ನನ್ನ ನಡುಕಮಾಪಕವನ್ನು ಶಾಫ್ಟನ್ನು ಹೊತ್ತ ಬೇರಿಂಗಿನ ಹೊರಕವಚಕ್ಕೆ ಅಂಟಿಸಿ ಲೆಕ್ಕ ಹಾಕಿದೆ. ಬಲ ಎಂದಿನ ಮೂರು ಪಟ್ಟು! ಬೆವರಿದೆ. ಮತ್ತೆ ಹಾಕಿದೆ. ಆಗಲೂ ಅಷ್ಟೇ. ಶಾಫ್ಟ್ ಮುರಿದರೆ ಕೆಳಗೆ ಕಲ್ಲು ಆರಿಸುತ್ತಿದ್ದ ನಾಲ್ವರ ತಲೆಯ ಮೇಲೆ.

ಹಳೆಯ ಫಿಟ್ಟರ್ ಹುಸೇನ್‌ಸಾಬ್ ತನ್ನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೂ ಹಿಡಿಯನ್ನು ಕಿವಿಗೂ ಇಟ್ಟು ಕಣ್ಣುಮುಚ್ಚಿದ. "ಮಸ್ತ್ ಐತ್ರೀ ಸಾಹೇಬ್ರ. ಬೇರಿಂಗ್ ಆರಾಮ ಐತಿ."

"ನಿನ್ನ ಸ್ಕ್ರೂಡ್ರೈವರಿನ್ಯಾಗ ಅಂಕಿ ಬರ್ತಾವೇನು?" ಎಂದೆ, ಗತ್ತಿನಿಂದ.

ಜರಡಿ ನಿಲ್ಲಿಸಬೇಕೆಂದಾಗ ಮ್ಯಾನೇಜರ್ ಗೇಟಿನಾಚೆ ಕಾದಿದ್ದ ಲಾರಿಗಳನ್ನು ನೋಡಿದರು, ನನ್ನನ್ನು ನೋಡಿದರು. "ನಿಲ್ಲಸ್ತೀನ್ರಿ. ನಿಮ್ ಮಾತು ಸುಳ್ಳಾದ್ರ ನಾಳಿಂದ ಗೇಟಿನ್ಯಾಗ ಲಾರಿಗೆ ತಾಡಪತ್ರಿ ಕಟ್ಟಸಾಕ ನಿಂದ್ರಬೇಕು, ನೋಡ್ರಿ."

ನಾಲ್ಕು ತಲೆಗಳ ಮುಂದೆ ಲಾರಿಗೆ ಹೊದಿಸುವ ತಾಡಪತ್ರಿ ಯಾವ ದೊಡ್ಡದು? "ನಿಲ್ಲಸ್ರಿ" ಎಂದೆ.

ಬಿಚ್ಚಿ ನೋಡಿದರೆ ಬೇರಿಂಗು ಮದುಮಗಳಂತೆ ಫಳಫಳ. ಹುಸೇನ್‌ಸಾಬ್ ನನ್ನ ಮಾಪಕವನ್ನು ಎತ್ತಿ ತಿರುಗಿಸಿದ. ಆಯಸ್ಕಾಂತದ ಅಡಿಗೆ ಕಬ್ಬಿಣದ ಧೂಳು ಗಡ್ಡದಂತೆ ಬೆಳೆದಿತ್ತು. ಈ ಊರಿನಲ್ಲಿ ಆಯಸ್ಕಾಂತಕ್ಕೆ ಇನ್ನೇನು ಅಂಟೀತು? ಧೂಳಿನ ಮೆತ್ತೆಯ ಮೇಲೆ ಮಾಪಕ ತಾನೇ ಗಡಗಡಿಸುತ್ತಿತ್ತು. ನಾನು ಅದನ್ನು ಬರೆದುಕೊಂಡು ಬೆವರುತ್ತಿದ್ದೆ.

"ಮಿಷನ್ ಅಲ್ರೀ, ಇದು ಕುಣ್ಯಾಕ್ಹತ್ತಿತ್ತು" ಎಂದು ಹೆಗಲ ಟವೆಲಿನಿಂದ ಒರೆಸಿ ಕೊಟ್ಟ. ಜರಡಿ ಮತ್ತೆ ಓಡಿದಾಗ ಅಳೆದರೆ ಅಂಕಿ ಮೂರರಲ್ಲಿ ಒಂದು ಭಾಗಕ್ಕೆ ಇಳಿದಿತ್ತು. ಮ್ಯಾನೇಜರ್ ಮಾತಿಗೆ ತಪ್ಪುವವರಲ್ಲ. ಮರುದಿನದ ನನ್ನ ಜಾಗ ಗೇಟೇ ಎಂದು ಆಗಲೇ ಹೇಳಿಬಿಟ್ಟರು.

ಸಂಜೆ ಮನೆಗೆ ಬಂದವನು, ಗಿರಿಜಾ ಬಾಯಿ ತೆರೆಯುವ ಮೊದಲೇ, ಹೊಸ್ತಿಲಾಚೆ ನಿಂತು ಎರಡೂ ಕಾಲು ಎರಡೆರಡು ಸಲ ಒರೆಸಿಕೊಂಡೆ. ಅವಳು ಕೈಯಲ್ಲಿದ್ದ ಸೌಟು ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ, ಇವತ್ತ ಭಾಳ ದೊಡ್ಡ ತಪ್ಪು ಮಾಡಿ ಬಂದೀರೇನು?"

ಮಾಪಕವಿಲ್ಲ, ಸ್ಕ್ರೂಡ್ರೈವರೂ ಇಲ್ಲ; ಕಾಲು ಒರೆಸಿದ್ದನ್ನು ನೋಡಿಯೇ ಒಳಗಿನ ಏಟನ್ನು ಅಳೆದುಬಿಟ್ಟಿದ್ದಳು.