ಮಾವನ ಒಂದೇ ಫ್ರೆಂಚ್ ಪದ

ನನ್ನ ಸೋದರಮಾವನಿಗೆ ಫ್ರೆಂಚ್ ಬರುತ್ತಿತ್ತು ಎಂದರೆ ಯಾರೂ ನಂಬುವುದಿಲ್ಲ. ನಂಬಲೇಬೇಡಿ! ಅವರಿಗೆ ಬರುತ್ತಿದ್ದದ್ದು ಒಂದೇ ಒಂದು ಕ್ರಿಯಾಪದ, 'ಆರಿವೇ'. ಅದೂ ಉಡುಪಿ ಉಚ್ಚಾರಣೆಯಲ್ಲಿ.

ಎರಡು ಸಾವಿರದ ಇಸವಿಯ ಆಸುಪಾಸು. ಮಾವ ದೋಹಾದ ಒಂದು ಫ್ರೆಂಚ್ ಕಂಪನಿಯಲ್ಲಿ ಗುಮಾಸ್ತರು. ಯಾರೋ ಬಿಸಾಡಿದ ನಿಘಂಟೊಂದು ಅವರ ಕೈಗೆ ಸಿಕ್ಕಿದ್ದೇ ನಮ್ಮ ಗ್ರಹಚಾರ. ಪ್ರತಿ ಶುಕ್ರವಾರ ಅಲ್ ಮನ್ಸೂರಾದ ಹೋಟೆಲಿನಲ್ಲಿ, ದೋಹಾದಲ್ಲೇ ಕೆಲಸಕ್ಕಿದ್ದ ನನಗೂ ನನ್ನ ಗೆಳೆಯರಿಗೂ ಪಾಠ.

"ಆರಿವೇ ಅಂದ್ರೆ ಬಂದು ತಲುಪುವುದು. ಆದ್ರೆ ಮೂಲ ಎಂತ ಗೊತ್ತುಂಟಾ? ಲ್ಯಾಟಿನ್ನಿನಲ್ಲಿ 'ರೀಪಾ' ಅಂದ್ರೆ ದಡ. ಮೊದಲು ದೋಣಿಯವರು ದಡ ಮುಟ್ಟಿದಾಗ ಮಾತ್ರ ಹೇಳ್ತಿದ್ದದ್ದು. ಆಮೇಲೆ ಕುದುರೆಯವನೂ ಹೇಳಿದ, ನಡೆದು ಬಂದವನೂ ಹೇಳಿದ!"

ಅಷ್ಟರಲ್ಲಿ ನಮ್ಮ ಮಸಾಲೆದೋಸೆ ತಣ್ಣಗಾಗಿ ಚರ್ಮವಾಗಿರುತ್ತಿತ್ತು.

ಹೊಸದಾಗಿ ಬಂದ ಫ್ರೆಂಚ್ ಎಂಜಿನಿಯರ್ ಒಬ್ಬ, ಪಾಪ, 'ಈಗಷ್ಟೇ ಬಂದೆ' ಎನ್ನಲು ಆ ಪದವನ್ನೇ ಬಳಸಿದನಂತೆ. ಮಾವ ಬಿಟ್ಟಾರೆಯೇ? "ನೀವು ವಿಮಾನದಲ್ಲಿ ಬಂದದ್ದಲ್ವಾ ಸರ್, ದಡ ಎಲ್ಲಿ?" ಎಂದು ಅವನ ಭಾಷೆಯನ್ನು ಅವನಿಗೇ ಅರ್ಧ ಗಂಟೆ ಕಲಿಸಿದರು. ಮರುದಿನದಿಂದ ಆತ ಹಿಂಬಾಗಿಲಿನಿಂದ ಬರತೊಡಗಿದ!

"ಅತ್ತೆ ಯಾವಾಗ ಆರಿವೇ?" ಎಂದು ನಾನು ಕೆಣಕಿದರೆ ಮಾತ್ರ ಮಾವ ಪಾಠ ನಿಲ್ಲಿಸಿ ತಣ್ಣಗಾದ ದೋಸೆಗೆ ಕೈ ಹಾಕುತ್ತಿದ್ದರು. ಸಿಕ್ಕಿದ ವೀಸಾ ಹಿಡಿದು ಹಾರಿಬಿಡುವುದು ನಮ್ಮವರ ಪದ್ಧತಿ. ಮಾವ ಬಂದದ್ದು ಬಡಗಿಯ ವೀಸಾದಲ್ಲಿ. ಬಡಗಿಯ ಹೆಂಡತಿಗೆ ಫ್ಯಾಮಿಲಿ ವೀಸಾ ಕೊಡುವುದಿಲ್ಲ. ಉಳಿಯನ್ನು ಮುಟ್ಟಿಯೂ ನೋಡದ ಮಾವ, ಕಾಗದದ ಮೇಲಿನ ಆ 'ಬಡಗಿ'ಯನ್ನು ಅಳಿಸಲು ಹನ್ನೊಂದು ವರ್ಷ ಅಲೆದರು. ಅಷ್ಟು ವರ್ಷ ಗಂಡ ಹೆಂಡತಿ ಮುಖ ನೋಡಿದ್ದು ರಜೆಗಳಲ್ಲಿ ಮಾತ್ರ.

ಕೊನೆಗೂ ಬದಲಾಯಿತು! ಅಲ್ ಅಜೀಜಿಯಾದಲ್ಲಿ ಮನೆ ಹಿಡಿದರು, ಅತ್ತೆಗೆಂದು ಗ್ರೈಂಡರ್ ತಂದರು. ಭಾನುವಾರಕ್ಕೆ ಅತ್ತೆಯ ಟಿಕೆಟ್. ಬುಧವಾರ ಊರಿನಲ್ಲಿ ಅತ್ತೆ ಎದೆನೋವೆಂದು ಕೂತವರು ಏಳಲೇ ಇಲ್ಲ.

ಅಲ್ಲಿ ದೇಶ ಬಿಡಲು ವೀಸಾ ಕೊಟ್ಟ ಮಾಲೀಕನ ಸಹಿ ಬೇಕು. ಮಾಲೀಕ ರಜೆಯಲ್ಲಿ ಪರದೇಶಕ್ಕೆ ಹೋಗಿದ್ದ. ಸಹಿ ಸಿಕ್ಕಿದ್ದು ಭಾನುವಾರ. ಅಷ್ಟರಲ್ಲಿ ಊರಲ್ಲಿ ಎಲ್ಲ ಮುಗಿದಿತ್ತು. ಮಾವನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಏರ್‌ಪೋರ್ಟಿಗೆ ನಾನೇ ಕರೆದೊಯ್ದೆ.

"ಬರುವವರ ಬಾಗಿಲಿಗೆ ಮೊದಲು ಹೋಗುವ ಮಾರಾಯ," ಎಂದರು.

ಅತ್ತೆ ಬರಬೇಕಿದ್ದ ವಿಮಾನ ಆಗಷ್ಟೇ ಇಳಿದಿತ್ತು. ಕಂಬಿ ಹಿಡಿದು ನಿಂತರು. ಜನ ಬಂದರು, ಅಪ್ಪಿಕೊಂಡರು, ಹೋದರು. ಕೊನೆಯ ಪ್ರಯಾಣಿಕನೂ ಹೊರಟುಹೋದ. ಮಾವ ಕದಲಲಿಲ್ಲ. ನಾನು ಮೆಲ್ಲಗೆ ಕೈಹಿಡಿದೆ.

"ಅವಳಿಗೆ ಒಬ್ಬಳೇ ಬರಲಿಕ್ಕೆ ಹೆದರಿಕೆ," ಎಂದರು. "ನಾನು ಬಾಗಿಲಲ್ಲೇ ನಿಂತಿರ್ತೇನೆ ಅಂತ ಹೇಳಿದ್ದೆ."