ಆನೆ ಚೀಟಿ

ಚಿಕ್ಕ ಮಕ್ಕಳಿಗೆ ಪಾಠ ಮಾಡುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ಆಟ ಆಡಿಸುವುದು ಅದಕ್ಕಿಂತ ಕಷ್ಟ ಅಂತ ಯಾರೂ ಹೇಳುವುದಿಲ್ಲ. ಪಾಠದಲ್ಲಿ ತಪ್ಪಿದರೆ ಬೋರ್ಡು ಒರೆಸಿದರಾಯಿತು. ಆಟದಲ್ಲಿ ನಾನು ಮಾಡಿದ ತಪ್ಪನ್ನು ಒರೆಸುವ ಡಸ್ಟರು ಇನ್ನೂ ಸಿಕ್ಕಿಲ್ಲ. ಸುಂಟಿಕೊಪ್ಪದ ಆಚೆ, ಕಾಫಿ ತೋಟಗಳ ನಡುವಿನ ಒಂದು ಶಾಲೆಗೆ ವರ್ಗವಾಗಿ ಬಂದಾಗ ನನಗೆ ಐವತ್ತು ವರ್ಷ, ನನ್ನ ಮಂಡಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು. ಮಕ್ಕಳೆಲ್ಲ ಎಸ್ಟೇಟಿನ ಕೂಲಿಕಾರರ ಲೈನ್‌ಮನೆಗಳವರು. ಮನೆಯಲ್ಲಿ ತಮಿಳು, ಮಲಯಾಳ, ತುಳು. ಶಾಲೆಯಲ್ಲಿ ನನ್ನ ಕನ್ನಡ. ಆಟದಿಂದಲೇ ಭಾಷೆ ಕಲಿಸಬೇಕೆಂದು ತರಬೇತಿಯಲ್ಲಿ ನಮ್ಮನ್ನೆಲ್ಲ ಎರಡು ದಿನ ಕಪ್ಪೆಯ ಹಾಗೆ ಕುಪ್ಪಳಿಸುವಂತೆ ಮಾಡಿ ಕಳಿಸಿದ್ದರು.

ನಾನು ಆರಿಸಿಕೊಂಡದ್ದು ಕುಪ್ಪಳಿಸಬೇಕಿಲ್ಲದ ಚೀಟಿ ಆಟ. ಡಬ್ಬಿಯಲ್ಲಿ ಪ್ರಾಣಿಗಳ ಚಿತ್ರ ಬರೆದ ಚೀಟಿಗಳು. ಎತ್ತಿದ ಮಗು ಮಾತಾಡದೆ ಆ ಪ್ರಾಣಿಯ ಹಾಗೆ ನಟಿಸಬೇಕು, ಉಳಿದವರು ಹೆಸರು ಹೇಳಬೇಕು. ಚಿತ್ರಗಳು ನನ್ನವೇ ಆದ್ದರಿಂದ, ಹಸುವಿನ ಚೀಟಿ ಎತ್ತಿದ ಹುಡುಗ ಗೋಡೆಯ ಹತ್ತಿರ ಹೋಗಿ ಒಂದು ಕಾಲು ಎತ್ತಿ ನಿಂತದ್ದೂ ಉಂಟು. ಅಂದು ಎರಡನೇ ಕ್ಲಾಸಿನ ಆಯಿಷಾಗೆ ಆನೆ ಬಂತು. ಮೂಗಿನ ಮುಂದೆ ಕೈಯನ್ನು ಸೊಂಡಿಲು ಮಾಡಿ ಬೀಸುತ್ತ, ಕಾಲು ದಪದಪ ಹಾಕುತ್ತ ಬೆಂಚುಗಳ ನಡುವೆ ಹೊರಟಳು. "ಆನೆ! ಆನೆ!" ಎಂದು ಕ್ಲಾಸು ಕಿರುಚಿತು.

ಆಗ ಕೊನೇ ಬೆಂಚಿನ ಸೆಲ್ವಿ ಎದ್ದಳು. ಬೇರೆ ಊರಿಂದ ಬಂದು ಸೇರಿ ಎರಡು ತಿಂಗಳಾದರೂ ತುಟಿ ಬಿಚ್ಚದ ಹುಡುಗಿ. ಪಕ್ಕದ ಇಬ್ಬರು ಪುಟ್ಟವರನ್ನು ರಟ್ಟೆ ಹಿಡಿದು ಬೆಂಚಿನ ಕೆಳಗೆ ನೂಕಿದಳು. ಓಡಿಹೋಗಿ ಬಾಗಿಲಿನ ಚಿಲಕ ಹಾಕಿದಳು. "ಕೂಗ್ಬೇಡಿ, ಕೂಗಿದ್ರೆ ಬರ್ತದೆ" ಎಂದು ಪಿಸುಗುಟ್ಟಿ, ಮೂಲೆಯಲ್ಲಿ ಮುದುಡಿ ಕೂತು, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ಖುಷಿಯೋ ಖುಷಿ. ಮಗು ಕನ್ನಡದಲ್ಲಿ ಮಾತಾಡಿತು! ಅದೂ ಎಂಥ ನಟನೆ! "ಶಭಾಷ್ ಸೆಲ್ವಿ! ಎಲ್ಲ ಚಪ್ಪಾಳೆ ಹೊಡೀರಿ" ಎಂದೆ. ಎಲ್ಲರಿಗಿಂತ ಜೋರಾಗಿ ನಾನೇ ಹೊಡೆದೆ. ಅವಳು ಕೂತಲ್ಲಿ ನೆಲ ಒದ್ದೆಯಾಗಿದ್ದು ಕಂಡ ಮೇಲೆ ನನ್ನ ಕೈ ನಿಂತಿತು.

ಬಿಸಿಯೂಟ ಬೇಯಿಸುವ ಲೀಲಕ್ಕ ಬಾಗಿಲು ಬಡಿದು, ನಾನು ಚಿಲಕ ತೆಗೆದ ಕೂಡಲೇ ಒಳಗೆ ಬಂದು, ಸೆಲ್ವಿಯನ್ನು ಸೊಂಟಕ್ಕೆ ಎತ್ತಿಕೊಂಡರು. ನನ್ನ ಮುಖ ನೋಡದೆ ಹೇಳಿದರು: "ಇವಳ ಅಪ್ಪನ್ನ ಬಾಳೆಲೆ ಊರ ಕಡೆ ತೋಟದಲ್ಲಿ ಕಾಫಿ ಪಿಕ್ಕಿಂಗ್ ಟೈಮಲ್ಲಿ ಆನೆ ತುಳೀತು ಸಾರ್. ಇವಳು ಅಲ್ಲೇ ಕಾಫಿ ಗಿಡದ ಬುಡದಲ್ಲಿದ್ಲು. ಬಾಯಿ ಮುಚ್ಕೊ ಅಂತ ಅಪ್ಪನೇ ಹೇಳಿದ್ನಂತೆ. ನಿಮ್ಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ದಾಖಲಾತಿ ಪುಸ್ತಕದಲ್ಲಿ ತಂದೆಯ ಹೆಸರಿನ ಹಿಂದೆ 'ದಿವಂಗತ' ಎಂದು ನಾನೇ ದುಂಡಗೆ ಬರೆದಿದ್ದೆ. ಹೇಗೆ ಎಂದು ಕೇಳಿರಲಿಲ್ಲ.

ಸಂಜೆ ಕ್ಷಮೆ ಕೇಳಲು ಲೈನಿಗೆ ಹೋದೆ. ಸೆಲ್ವಿಯ ತಾಯಿ ಸ್ಟೂಲು ಒರೆಸಿ ಕೂರಿಸಿ, ಕರಿಕಾಫಿ ಕೊಟ್ಟರು. "ಅವ್ಳು ಅತ್ಲಾ ಸಾರ್?" ಎಂದು ಕೇಳಿದರು. ಇಲ್ಲ ಎಂದೆ. "ಅವತ್ತಿಂದ ಅತ್ತೇ ಇಲ್ಲ. ಅದೇ ನಂಗೆ ಭಯ." ಕೇಳಲು ಹೋದದ್ದು ಕೇಳಲಾಗದೆ, ಕಾಫಿ ಚೆನ್ನಾಗಿದೆ ಎಂದು ಹೇಳಿ ಬಂದೆ.

ನಾಲ್ಕು ದಿನ ಬಿಟ್ಟು ಸೆಲ್ವಿ ಬಂದಳು. ಬಂದವಳೇ ಡಬ್ಬಿ ನೆಲಕ್ಕೆ ಸುರುವಿ ಹುಡುಕಿದಳು. "ಆನೆ ಎಲ್ಲಿ ಸಾರ್?"

"ಹರಿದು ಹಾಕ್ದೆ ಪುಟ್ಟಾ. ಇನ್ನು ಬರಲ್ಲ."

ಎರಡಕ್ಕೆ ಎರಡು ಕೂಡಿದರೆ ಐದು ಎಂದವರನ್ನು ನಾನು ನೋಡುವ ಹಾಗೆ ನನ್ನನ್ನು ನೋಡಿದಳು. "ಚೀಟಿ ಹರಿದ್ರೆ ಬರಲ್ವಾ?"

ಆಮೇಲೆ ಆಯಿಷಾಳನ್ನು ಆನೆ ಮಾಡಿ ಹೊರಗೆ ನಿಲ್ಲಿಸಿದಳು. ಉಳಿದವರನ್ನು ಒಬ್ಬೊಬ್ಬರಾಗಿ ಅಡಗಿಸಿ, ನನಗೂ ಮೇಜಿನ ಅಡಿ ತೋರಿಸಿದಳು. ನುಸುಳಿದೆ. ಅಲ್ಲಿಯ ಧೂಳಿಗೆ ಜೋರಾಗಿ ಸೀನಿಬಿಟ್ಟೆ. ಆನೆ ನೆಟ್ಟಗೆ ನನ್ನ ಹತ್ತಿರವೇ ಬಂತು.

"ಸಾರ್ ಸತ್ರು" ಎಂದಳು ಸೆಲ್ವಿ. ಕ್ಲಾಸು ನಕ್ಕಿತು, ಅವಳು ನಗಲಿಲ್ಲ. ನನ್ನ ಪಕ್ಕ ನುಸುಳಿ, ನನ್ನ ಬಾಯಿಯ ಮೇಲೆ ತನ್ನ ಅಂಗೈ ಒತ್ತಿ, "ಇನ್ನೊಂದ್ಸಲ" ಎಂದಳು. ಇಪ್ಪತ್ತೈದು ವರ್ಷ ದಿನಕ್ಕೆ ಹತ್ತು ಸಲ ಮಕ್ಕಳಿಗೆ 'ಬಾಯಿ ಮುಚ್ಚಿ' ಎಂದು ಗದರಿದವನು ನಾನು. ಆ ಮಾತನ್ನು ಪ್ರೀತಿಯಿಂದಲೂ ಹೇಳಬಹುದೆಂದು ಅಂದು ಮೇಜಿನಡಿಯಲ್ಲಿ, ಇನ್ನೊಂದು ಸೀನು ತಡೆಹಿಡಿಯುತ್ತ ಕಲಿತೆ.