ಆಧಾರ ಅಂದ್ರ ನಮ್ಮತ್ತಿ

ಪಿಎಚ್‌ಡಿ ಮಾಡೋರಿಗೆ ದಾರಿ ತೋರಸೋದು ನನ್ನ ನೌಕರಿ. "ಎಲ್ಲಿಂದ ತಗೊಂಡೀರಿ, ಅದನ್ನ ಬರೀರಿ" ಅಂತ ದಿನಾ ಹೇಳ್ತೀನಿ. ಇಷ್ಟ ಮಾತಿಗೆ ಎಷ್ಟ ಫಜೀತಿ ಆಗ್ತಾವ ಅಂತೀರಿ! ಪುಣೆ ಹತ್ರದ ನಿಗಡಿಯಿಂದ ಬರೋ ನನ್ನ ವಿದ್ಯಾರ್ಥಿನಿ, ಒಂದ ಕನ್ನಡ ಮನಿ ಸೊಸಿ, ಆಕಿ ಕಥಿನ ಕೇಳ್ರಿ. ಪುಣೆದಾಗಿನ ಕನ್ನಡ ಮನಿಗಳ ಅಡಗಿ ಆಕಿ ವಿಷಯ.

೧. ಎಲ್ಲಾರೂ

ಮೊದಲನೇ ಅಧ್ಯಾಯ ತಂದ್ಲು. ಹುಡುಕಿದ್ರೂ ಒಂದ ಆಧಾರ ಇಲ್ಲ.

"ಇದನ್ನ ಯಾರು ಹೇಳ್ಯಾರವಾ?"

"ಎಲ್ಲಾರಿಗೂ ಗೊತ್ತದರಿ ಮೇಡಂ."

"ಹೌದಾ? ಎಲ್ಲಾರೂ ಎಷ್ಟನೇ ಪುಟದಾಗ ಹೇಳ್ಯಾರ?"

ನನ್ನ ದನಿ ಮೊದಲ ಜೋರು. ಆಧಾರ ಇಲ್ಲದ ಇನ್ನ ಒಂದ ಸಾಲೂ ಬರಿಯೂದಿಲ್ಲಂತ ಆಣಿ ಮಾಡಿ ಹೋದ್ಲು.

೨. ಅಡಿಟಿಪ್ಪಣಿ

ಆಣಿ ಭಾಳ ಗಟ್ಟಿ ಇತ್ತು. ಕೃತಜ್ಞತೆಯ ಪುಟದಾಗ "ನನ್ನ ಪತಿಯ ಸಹಕಾರವನ್ನು ಮರೆಯಲಾರೆ" ಅಂತ ಬರದು, ಕೆಳಗ ಅಡಿಟಿಪ್ಪಣಿ ಹಾಕಿದ್ಲು: "ಹೀಗೆ ಬರೆಯಲು ಹೇಳಿದವರು: ಪತಿ. ಸ್ಥಳ: ಅಡುಗೆಮನೆ."

೩. ಹಿರೇಸೊಸಿ

ಅರ್ಧ ಮಾಹಿತಿ ಕೊಟ್ಟವರು ಆಕಿ ಅತ್ತಿ. ಉಳಿದದ್ದು ಪುಣೆ ಸದಾಶಿವ ಪೇಠದಾಗಿರೋ ಅತ್ತಿಯ ನೆಗೆಣ್ಣಿ, ಅಂದ್ರ ಅತ್ತಿಯ ಮೈದುನನ ಹೆಂಡ್ತಿ. ಮಾಹಿತಿ ಕೊಟ್ಟವರ ಪಟ್ಟಿ ನೋಡಿ ಅತ್ತಿ ನನಗ ಫೋನ್ ಹಚ್ಚಿದ್ರು.

"ಮನಿ ಹಿರೇಸೊಸಿ ನಾನು. ನೆಗೆಣ್ಣಿ ಹೆಸರು ನನಗಿಂತ ಮ್ಯಾಲ ಹ್ಯಾಂಗ ಬಂತ್ರಿ?"

"ಅದು ಅಕಾರಾದಿ ಕ್ರಮರಿ."

"ನಮ್ಮ ಮನ್ಯಾಗ ಆ ಕ್ರಮ ಇಲ್ಲ. ನಾ ಹೇಳಿದ್ದೆಲ್ಲಾ ವಾಪಸ್ ಕೊಡ್ರಿ!"

ವಾಪಸ್ ಕೊಟ್ರ ಅರ್ಧ ಪ್ರಬಂಧ ಖಾಲಿ. ಸೊಸಿ ಅಳೋದೊಂದ ಬಾಕಿ. ನಾನೇನ್ ಬಗ್ತೀನೇನು? ನಿಯಮ ಅಂದ್ರ ನಿಯಮ ಅಂದೆ.

೪. ಮೌಖಿಕ ಪರೀಕ್ಷಾ

ನಮ್ಮಲ್ಲಿ ಪಿಎಚ್‌ಡಿ ಮೌಖಿಕ ಪರೀಕ್ಷಾ ಕೇಳಾಕ ಮನಿಮಂದಿನೂ ಬರ್ತಾರ. ಅತ್ತಿ ಮುಖ ಊದಿಸ್ಕೊಂಡು ಮುಂದಿನ ಸಾಲಿನ್ಯಾಗ ಕೂತಿದ್ರು. ಧಾರವಾಡದಿಂದ ಬಂದ ಪರೀಕ್ಷಕರು ಒಂದ ಸಾಲಿನ ಮ್ಯಾಲ ಬೆರಳಿಟ್ರು.

"'ಪುಣೆಗೆ ಬಂದ ಮೇಲೆ ಸಾರಿನ ಖಾರ ಕಡಿಮೆಯಾಯಿತು.' ಇದಕ್ಕ ನಿಮ್ಮತ್ತಿ ಮಾತು ಬಿಟ್ರ ಬ್ಯಾರೆ ಆಧಾರ ಇಲ್ಲ. ನಂಬೋದು ಹ್ಯಾಂಗ? ಈ ಅಧ್ಯಾಯ ಮತ್ತ ಬರೀಬೇಕಾಗ್ತದ ನೋಡ್ರಿ."

ಸೊಸಿ ತಿರುಗಿ ಅತ್ತಿ ಕಡೆ ನೋಡಿದ್ಲು.

ಅತ್ತಿ ಎದ್ದ ನಿಂತ್ರು.

"ಯಾಕ ನಂಬೂದಿಲ್ರಿ? ಖಾರ ಕಮ್ಮಿ ಮಾಡಿದಾಕಿನ ನಾನು! ಇಲ್ಲಿ ಸಿಹಿ ಊಟ ರೂಢಿಯಾಗಿ ನಮ್ಮನಿಯವರಿಗೆ ಖಾರ ತಡೀವಲ್ದಾತು. ಸಂಶಯ ಇದ್ರ ಮನಿಗೆ ಬರ್ರಿ, ಆಗಿನ ಸಾರು, ಈಗಿನ ಸಾರು, ಎರಡೂ ಬಡಸ್ತೀನಿ. ಅದಕ್ಕೂ ಮೊದಲ ಆ ಪಟ್ಟಿಯಾಗ ನನ್ನ ಹೆಸರು ಮ್ಯಾಲ ಹಾಕಸ್ರಿ!"

ಪರೀಕ್ಷಕರು ಹೊಟ್ಟಿ ಹಿಡ್ಕೊಂಡು ನಕ್ಕು, ಅಲ್ಲೇ ವರದಿ ಬರದ್ರು: "ಪದವಿಗೆ ಶಿಫಾರಸು ಮಾಡುತ್ತೇನೆ. ತಿದ್ದುಪಡಿ ಒಂದೇ: ಪಟ್ಟಿಯಲ್ಲಿ ಅತ್ತೆಯವರ ಹೆಸರು ಮೊದಲು ಬರಲಿ. ಆಧಾರ: ಸ್ವತಃ ಅತ್ತೆಯವರು."